ನಾಲ್ಕು ವರ್ಷ ಚಿತ್ರ ಬಿಡಿಸೋದಾ? ಬಿವಿಎ ಗೊಂದಲ ಮತ್ತು ಮಲೆನಾಡಿನ ಮಕ್ಕಳು

ಕರ್ನಾಟಕದಲ್ಲಿ ಡಿಗ್ರಿ ಎಷ್ಟು ವರ್ಷ ಅನ್ನುವ ಪ್ರಶ್ನೆಗೆ ಕೆಲವೇ ವರ್ಷಗಳಲ್ಲಿ ಎರಡು ಸಲ ಉತ್ತರ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಪದವಿ ಅಂದರು. 2024-25ರಿಂದ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಬಿಎ, ಬಿಎಸ್‌ಸಿ, ಬಿಕಾಂಗಳನ್ನು ಮತ್ತೆ ಮೂರು ವರ್ಷಕ್ಕೆ ತಂದಿತು. ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಅಂತಿಮ ವರದಿ ಕೊಟ್ಟ ಮೇಲೆ ಇನ್ನೇನು ಬದಲಾಗುತ್ತದೋ ಎಂಬ ಚರ್ಚೆ ಮತ್ತೆ ಶುರುವಾಗಿದೆ.

ಈ ಗದ್ದಲದ ನಡುವೆ ದೃಶ್ಯಕಲೆ ಓದಬೇಕು ಅನ್ನುವ ಮಕ್ಕಳ ಮನೆಗಳಲ್ಲಿ ಬೇರೆಯದೇ ಗೊಂದಲ. ಪಿಯುಸಿ ಮುಗಿಸಿದ ಮಗಳು ಬಿವಿಎ, ಅಂದರೆ ದೃಶ್ಯಕಲೆಯ ಪದವಿ (ಬ್ಯಾಚುಲರ್ ಆಫ್ ವಿಶುವಲ್ ಆರ್ಟ್ಸ್) ಸೇರುತ್ತೇನೆ ಅನ್ನುತ್ತಾಳೆ. ಪಕ್ಕದ ಮನೆಯ ಹುಡುಗ ಮೂರು ವರ್ಷಕ್ಕೆ ಬಿಕಾಂ ಮುಗಿಸುತ್ತಾನೆ, ಇವಳದ್ದು ಮಾತ್ರ ಯಾಕೆ ನಾಲ್ಕು? ಅದೂ ಮೊಬೈಲಿನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಚಿತ್ರ ಬರುವ ಈ ಕಾಲದಲ್ಲಿ? ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಪೋಷಕರು ಕೇಳುವ ಈ ಪ್ರಶ್ನೆಗಳನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಆದರೆ ಇವುಗಳ ಉತ್ತರ ಹುಡುಕುತ್ತಾ ಹೋದರೆ ನಾವು ನಿಲ್ಲುವುದು ಕಾಲೇಜಿನ ಬಾಗಿಲಲ್ಲಿ ಅಲ್ಲ, ಊರಿನ ಹೈಸ್ಕೂಲಿನ ಬಾಗಿಲಲ್ಲಿ.

ಈ ನಾಲ್ಕು, ಆ ನಾಲ್ಕು ಒಂದೇ ಅಲ್ಲ

ಮೊದಲು ವರ್ಷಗಳ ಲೆಕ್ಕ ಬಿಡಿಸಿಕೊಳ್ಳೋಣ. ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕನೇ ವರ್ಷ ಬೇಕಾದವರಿಗೆ ಮಾತ್ರ ಇದ್ದ ಹೆಚ್ಚುವರಿ ಮೆಟ್ಟಿಲು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಅಂದರೆ ಹೆಚ್ಚುವರಿ ವರ್ಷ ಸೇರಿದ್ದು ಕೊನೆಗೆ.

ದೃಶ್ಯಕಲೆಯಲ್ಲಿ ಹಾಗಲ್ಲ. ಇಲ್ಲಿ ಹೆಚ್ಚುವರಿ ವರ್ಷ ಇರುವುದು ಮೊದಲಿಗೆ. ಅದನ್ನು ಫೌಂಡೇಶನ್ ವರ್ಷ ಅನ್ನುತ್ತಾರೆ. ಅದು ಮುಗಿದ ಮೇಲೆ ಮೂರು ವರ್ಷ ಪೇಂಟಿಂಗ್, ಅಪ್ಲೈಡ್ ಆರ್ಟ್ (ಜಾಹೀರಾತು, ಪುಸ್ತಕ ಮುಂತಾದವುಗಳ ವಿನ್ಯಾಸ), ಶಿಲ್ಪಕಲೆ, ಗ್ರಾಫಿಕ್ಸ್ ಹೀಗೆ ಒಂದು ವಿಭಾಗದಲ್ಲಿ ಓದು. ಗ್ರಾಫಿಕ್ಸ್ ಅಂದರೆ ಕಂಪ್ಯೂಟರ್ ಕೆಲಸ ಅಂದುಕೊಂಡು ಸೇರುವವರಿದ್ದಾರೆ. ಕಲಾಶಾಲೆಗಳಲ್ಲಿ ಅದು ಮರ, ಲಿನೋಲಿಯಂ, ಲೋಹದ ತಗಡಿನ ಮೇಲೆ ಕೊರೆದು ಅಚ್ಚು ತೆಗೆಯುವ ಮುದ್ರಣಕಲೆ. ಫಾರ್ಮ್ ತುಂಬುವ ಮೊದಲೇ ಇದು ಗೊತ್ತಿರಬೇಕು.

ಹಾಗಾಗಿ ಬಿವಿಎಯ ನಾಲ್ಕು ವರ್ಷ ಹೊಸ ನೀತಿಯಿಂದ ಬಂದಿದ್ದಲ್ಲ. ನೀತಿ ಬರುವ ಮೊದಲೂ ಅದು ನಾಲ್ಕೇ ವರ್ಷದ ಓದಾಗಿತ್ತು. ಎಂಜಿನಿಯರಿಂಗಿಗೆ ನಾಲ್ಕು ವರ್ಷ ಯಾಕೆ ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ಇದೂ ಅಂಥದ್ದೇ ವೃತ್ತಿ ಓದು. ಎರಡು ನಾಲ್ಕುಗಳನ್ನು ಒಂದೇ ಅಂದುಕೊಂಡವರಿಗೆ, ಸರ್ಕಾರ ನಾಲ್ಕು ವರ್ಷ ತೆಗೆದುಹಾಕಿದ ಮೇಲೂ ಇವರು ಒಂದು ವರ್ಷ ಜಾಸ್ತಿ ಕೂರಿಸುತ್ತಿದ್ದಾರೆ ಅನಿಸುತ್ತದೆ. ಗೊಂದಲದ ಅರ್ಧ ಭಾಗ ಇಷ್ಟೇ.

ಮೊದಲ ವರ್ಷ ಏನು ಮಾಡಿಸುತ್ತಾರೆ?

ಉಳಿದ ಅರ್ಧ ಇರುವುದು ಇಲ್ಲಿ. ಫೌಂಡೇಶನ್ ತರಗತಿಯ ಒಂದು ಬೆಳಗ್ಗೆ ಹೀಗಿರುತ್ತದೆ. ನಡುವೆ ಮೇಜಿನ ಮೇಲೆ ಒಂದು ಮಣ್ಣಿನ ಮಡಕೆ, ಒಂದು ಗಾಜಿನ ಬಾಟಲಿ, ಮಡಿಕೆ ಬಿದ್ದ ಬಟ್ಟೆ. ಸುತ್ತ ಡ್ರಾಯಿಂಗ್ ಬೋರ್ಡ್ ಹಿಡಿದು ಕೂತ ವಿದ್ಯಾರ್ಥಿಗಳು. ಬೆಳಕು ಒಂದೇ ಕಡೆಯಿಂದ ಬೀಳುತ್ತಿದೆ. ಮಡಕೆಯ ಹೊಟ್ಟೆಯ ಮೇಲೆ ಬೆಳಕು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಗುತ್ತದೆ? ಆ ನೆರಳಿನೊಳಗೂ ಬಟ್ಟೆಯಿಂದ ತಿರುಗಿ ಬಂದ ತೆಳು ಬೆಳಕು ಇದೆಯಲ್ಲ, ಅದು ಕಾಣುತ್ತಿದೆಯೇ? ಪೆನ್ಸಿಲನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಬಾಟಲಿಯ ಎತ್ತರಕ್ಕೂ ಮಡಕೆಯ ಅಗಲಕ್ಕೂ ಇರುವ ಅಳತೆ ನೋಡಬೇಕು. ತಪ್ಪಿದರೆ ಅಳಿಸಬೇಕು, ಮತ್ತೆ ಬಿಡಿಸಬೇಕು. ವಾರಗಟ್ಟಲೆ ಇದೇ ಕೆಲಸ.

ಇದರ ಜೊತೆಗೆ ಬಣ್ಣಗಳ ಪಾಠ, ಮಣ್ಣಿನಲ್ಲಿ ರೂಪ ಮಾಡುವುದು, ಬಸ್ ಸ್ಟ್ಯಾಂಡು, ಸಂತೆಗೆ ಹೋಗಿ ಓಡಾಡುವ ಜನರನ್ನು ಬೇಗ ಬೇಗ ಸ್ಕೆಚ್ ಮಾಡುವುದು, ಅಕ್ಷರ ವಿನ್ಯಾಸ, ಕಲೆಯ ಇತಿಹಾಸ ಎಲ್ಲ ಇರುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಹೊತ್ತು ಕಳೆಯುವ ಕೆಲಸದಂತೆ ಕಾಣಬಹುದು. ನಿಜವಾಗಿ ನಡೆಯುತ್ತಿರುವುದು ಕಣ್ಣು ಮತ್ತು ಕೈಗಳ ನಡುವೆ ಒಂದು ಹಾದಿ ಮಾಡುವ ಕೆಲಸ. ಅದು ಓದಿ ಬರುವುದಲ್ಲ, ಪರೀಕ್ಷೆಯ ಹಿಂದಿನ ರಾತ್ರಿ ಕೂತು ಮುಗಿಸುವಂಥದ್ದೂ ಅಲ್ಲ. ಅದಕ್ಕೆ ಬೇಕಾದದ್ದು ದಿನಗಳು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಇಷ್ಟು ಪ್ರಾಥಮಿಕ ಕೆಲಸವನ್ನು ವಿಶ್ವವಿದ್ಯಾಲಯದಲ್ಲಿ ಯಾಕೆ ಮಾಡಿಸಬೇಕು? ಶಾಲೆಯಲ್ಲೇ ಆಗಬೇಕಿತ್ತಲ್ಲ? ಆಗಬೇಕಿತ್ತು. ಆಗುತ್ತಿಲ್ಲ. ಗಣಿತ ಓದಲು ಕಾಲೇಜಿಗೆ ಬರುವ ಹುಡುಗ ಹನ್ನೆರಡು ವರ್ಷ ಗಣಿತ ಕಲಿತು ಬಂದಿರುತ್ತಾನೆ. ಚಿತ್ರಕಲೆಗೆ ಬರುವ ಹುಡುಗಿಗೆ ಎಷ್ಟೋ ಸಲ ಇದೇ ಮೊದಲ ಪಾಠ.

ಶಿವಮೊಗ್ಗದಿಂದ ಯಾವ ಬಸ್ಸು ಹತ್ತಬೇಕು?

ಮಲೆನಾಡಿನ ಮಕ್ಕಳಿಗೆ ಹತ್ತಿರ ಅಂದರೆ ದಾವಣಗೆರೆ. ಅಲ್ಲಿನ ಕಲಾಶಾಲೆ 1964ರಲ್ಲಿ ಶುರುವಾಗಿದ್ದು, ಈಗ ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ. ತಾಳಗುಪ್ಪ ರೈಲು ಹಿಡಿದರೆ ಮೈಸೂರು. ಅಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜನ್ನು ಎಲ್ಲರೂ ಕಾವಾ ಅಂತಲೇ ಕರೆಯುತ್ತಾರೆ. ಅದರ ಬೇರು ಇರುವುದು ಮಹಾರಾಜರ ಕಾಲದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ. ಆ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಬಿದ್ದಿತ್ತು. ಬೆಂಗಳೂರಿನಲ್ಲಿ 1960ರಲ್ಲಿ ಹುಟ್ಟಿದ ಚಿತ್ರಕಲಾ ಪರಿಷತ್ತು ಇದೆ. ಧಾರವಾಡ, ಕಲಬುರಗಿಯಲ್ಲೂ ಕಲಾ ಕಾಲೇಜುಗಳಿವೆ.

ಸರ್ಕಾರಿ ಅಥವಾ ವಿಶ್ವವಿದ್ಯಾಲಯದ ಕಾಲೇಜಿಗೂ ಖಾಸಗಿ ಕಾಲೇಜಿಗೂ ಶುಲ್ಕದಲ್ಲಿ ಭಾರಿ ಅಂತರವಿದೆ. ಆದರೆ ಶುಲ್ಕ ಕಡಿಮೆ ಇದ್ದ ಮಾತ್ರಕ್ಕೆ ಖರ್ಚು ಕಡಿಮೆ ಅಂದುಕೊಳ್ಳಬೇಡಿ. ಕಾಗದ, ಬಣ್ಣ, ಬ್ರಷ್, ಕ್ಯಾನ್ವಾಸ್, ಅಚ್ಚಿನ ಶಾಯಿ ಎಲ್ಲ ವರ್ಷ ಪೂರ್ತಿ ಕೊಳ್ಳುತ್ತಲೇ ಇರಬೇಕು. ಬಿಎ ವಿದ್ಯಾರ್ಥಿ ಲೈಬ್ರರಿ ಪುಸ್ತಕದಲ್ಲಿ ಸುಧಾರಿಸಬಹುದು. ಬಿವಿಎ ವಿದ್ಯಾರ್ಥಿ ಲೈಬ್ರರಿಯಿಂದ ಬಣ್ಣ ತರುವಂತಿಲ್ಲ. ಇನ್ನು ಹಾಸ್ಟೆಲ್ ಖರ್ಚು. ಹೊಸನಗರದ ಒಳಗಿನ ಹಳ್ಳಿಯ ಕುಟುಂಬಕ್ಕೆ ಅಡಿಕೆಗೆ ಎಲೆಚುಕ್ಕಿ ರೋಗ ತಗುಲಿದ ವರ್ಷ ಇದನ್ನೆಲ್ಲ ತೂಗಿಸುವುದು ಸುಲಭದ ಮಾತಲ್ಲ. ಆರ್ಥಿಕವಾಗಿ ಹಿಂದುಳಿದ ಮಕ್ಕಳಿಗೆ ವಿದ್ಯಾರ್ಥಿವೇತನ ಲೆಕ್ಕ ಹಾಕುವಾಗ ಶುಲ್ಕದ ಜೊತೆ ಸಾಮಗ್ರಿಯ ಖರ್ಚನ್ನೂ ಸೇರಿಸಬೇಕು ಎಂಬ ಬೇಡಿಕೆ ಬಹಳ ನ್ಯಾಯವಾದದ್ದು.

ಮನೆಯವರ ಭಯ ಸುಳ್ಳಲ್ಲ

ಕೆಲಸದ ವಿಚಾರಕ್ಕೆ ಬಂದರೆ ವಾದಗಳು ಎರಡು ತುದಿಯಲ್ಲಿವೆ. ಕೆಲಸ ಸಿಗದ ಓದಿಗೆ ಸರ್ಕಾರವೂ ಮನೆಯವರೂ ಯಾಕೆ ದುಡ್ಡು ಹಾಕಬೇಕು ಅನ್ನುವುದು ಒಂದು ತುದಿ. ಕಲೆಯನ್ನು ಕೆಲಸದ ತಕ್ಕಡಿಯಲ್ಲಿ ತೂಗಲೇಬಾರದು ಅನ್ನುವುದು ಇನ್ನೊಂದು. ಎರಡನೆಯ ಮಾತು ಕೇಳಲು ಚೆನ್ನಾಗಿದೆ. ಆದರೆ ಸಾಲ ಮಾಡಿ ಮಗನನ್ನು ಓದಿಸುವವರ ಮುಂದೆ ಹಾಗೆ ಹೇಳುವುದು ಸರಿಯಲ್ಲ.

ಕೆಲಸಗಳು ಇಲ್ಲವೆಂದಲ್ಲ, ಆದರೆ ಅವು ವಿಭಾಗ ನೋಡಿ ಹಂಚಿಹೋಗಿವೆ. ಅಪ್ಲೈಡ್ ಆರ್ಟ್ ಓದಿದವರಿಗೆ ಜಾಹೀರಾತು, ಪುಸ್ತಕ ಮತ್ತು ಪತ್ರಿಕೆಯ ವಿನ್ಯಾಸ, ಆ್ಯಪ್‌ಗಳ ವಿನ್ಯಾಸದಲ್ಲಿ ಜಾಗವಿದೆ. ಅನಿಮೇಶನ್, ಗೇಮಿಂಗ್ ಉದ್ಯಮಕ್ಕಾಗಿಯೇ ಕರ್ನಾಟಕ 2012ರಲ್ಲಿ ನೀತಿ ತಂದಿತು, 2024ರಲ್ಲಿ ಅದನ್ನು ಹೊಸದು ಮಾಡಿತು. ಆದರೆ ಈ ಕೆಲಸಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ. ಅಲ್ಲಿ ಎನ್‌ಐಡಿ, ನಿಫ್ಟ್ ಥರದ ರಾಷ್ಟ್ರಮಟ್ಟದ ವಿನ್ಯಾಸ ಸಂಸ್ಥೆಗಳಲ್ಲಿ ಬಿ.ಡಿಸೈನ್ (ವಿನ್ಯಾಸದ ಪದವಿ) ಮುಗಿಸಿ ಬಂದವರ ಜೊತೆ ಪೈಪೋಟಿ. ಆ ಸಂಸ್ಥೆಗಳ ಪ್ರವೇಶ ಪರೀಕ್ಷೆಗೆ ವರ್ಷಗಟ್ಟಲೆ ಕೋಚಿಂಗ್ ಪಡೆಯುವವರು ಹೆಚ್ಚಾಗಿ ದೊಡ್ಡ ನಗರದ, ಇಂಗ್ಲಿಷ್ ಮಾಧ್ಯಮದ ಮಕ್ಕಳು. ಕನ್ನಡ ಮಾಧ್ಯಮದಲ್ಲಿ ಓದಿದ ಸೊರಬದ ಹುಡುಗನಿಗೆ ಅಂಥದ್ದೊಂದು ದಾರಿ ಇದೆ ಎಂಬ ಸುದ್ದಿ ತಲುಪುವ ಹೊತ್ತಿಗೆ ಅರ್ಜಿಯ ದಿನ ಮುಗಿದಿರುತ್ತದೆ.

ಪೇಂಟಿಂಗ್, ಶಿಲ್ಪಕಲೆ ಓದಿದವರಿಗೆ ಸ್ಥಿರವಾದ ಕೆಲಸ ಅಂದರೆ ಮುಖ್ಯವಾಗಿ ಪಾಠ ಮಾಡುವುದು. ಕಾಲೇಜಿನಲ್ಲಿ ಮಾಡಬೇಕಾದರೆ ಸ್ನಾತಕೋತ್ತರ ಪದವಿ ಬೇಕು, ಸಾಮಾನ್ಯವಾಗಿ ಯುಜಿಸಿಯ ನೆಟ್ ಥರದ ಅರ್ಹತಾ ಪರೀಕ್ಷೆಯೂ ಆಗಬೇಕು. ನೆಟ್‌ನಲ್ಲಿ ದೃಶ್ಯಕಲೆ ಒಂದು ವಿಷಯವಾಗಿ ಇದೆ. ಕೇಂದ್ರ ಸರ್ಕಾರದ ನವೋದಯ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಇರುತ್ತದೆ. ಶಿವಮೊಗ್ಗ ಜಿಲ್ಲೆಯ ನವೋದಯ ಇರುವುದು ಗಾಜನೂರಿನಲ್ಲಿ. ಅಂದರೆ ಜಿಲ್ಲೆಗೆ ಒಂದು ಶಾಲೆ! ಉಳಿದಿದ್ದು ರಾಜ್ಯದ ಸರ್ಕಾರಿ ಪ್ರೌಢಶಾಲೆಗಳು.

ಬಿವಿಎ ಒಂದು ಮಾನ್ಯ ಪದವಿ ಅನ್ನುವುದನ್ನೂ ಹೇಳಬೇಕು. "ಯಾವುದೇ ಪದವಿ" ಸಾಕು ಅನ್ನುವ ಕೆಎಎಸ್, ಬ್ಯಾಂಕ್ ಪರೀಕ್ಷೆಗಳನ್ನು ಬರೆಯಬಹುದು. ಹಲವು ಮನೆಗಳಲ್ಲಿ ಇದು ಗೊತ್ತೇ ಇರುವುದಿಲ್ಲ. ಚಿತ್ರಕಲೆ ಸೇರಿದರೆ ಬೇರೆ ಬಾಗಿಲೆಲ್ಲ ಮುಚ್ಚಿತು ಅಂದುಕೊಂಡಿರುತ್ತಾರೆ.

ಡ್ರಾಯಿಂಗ್ ಮೇಷ್ಟ್ರು ಇಲ್ಲದ ಶಾಲೆ

ಇಡೀ ವಿಚಾರದ ಗಂಟು ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ.

ಒಂದು ಕಾಲದಲ್ಲಿ ಊರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಅಂದರೆ ಎಲ್ಲರಿಗೂ ಗೊತ್ತಿರುವ ಮನುಷ್ಯ. ಶಾಲೆಯ ಗೋಡೆಯ ಮೇಲಿನ ಗಾದೆಯ ಅಕ್ಷರ ಅವರದ್ದು, ಶಾಲಾ ನಾಟಕದ ಪರದೆ ಅವರದ್ದು. ಚಿತ್ರ ಬಿಡಿಸುವ ಹುಡುಗನನ್ನು ಗುರುತಿಸಿ ಡ್ರಾಯಿಂಗಿನ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರಿಸುತ್ತಿದ್ದವರು ಅವರೇ. ಈ ಪರೀಕ್ಷೆಗಳು ಈಗಲೂ ಇವೆ, ಎಸ್‌ಎಸ್‌ಎಲ್‌ಸಿ ನಡೆಸುವ ಮಂಡಳಿಯೇ ಇವನ್ನೂ ನಡೆಸುತ್ತದೆ. ಆದರೆ ಮಕ್ಕಳನ್ನು ತಯಾರು ಮಾಡುವವರು ಎಲ್ಲಿ? ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೇಷ್ಟ್ರು ನಿವೃತ್ತರಾದ ಮೇಲೆ ಆ ಕುರ್ಚಿ ಹಾಗೇ ಖಾಲಿ ಇದೆ. ನೇಮಕಾತಿ ಬಂದಾಗ ಗಣಿತ, ವಿಜ್ಞಾನ, ಇಂಗ್ಲಿಷಿಗೆ ಮೊದಲ ಜಾಗ. ಚಿತ್ರಕಲೆ, ಸಂಗೀತದಂಥ "ವಿಶೇಷ ಶಿಕ್ಷಕರ" ಸರದಿ ಕೊನೆಗೆ.

ಕೆಳಗಿನ ತರಗತಿಗಳಲ್ಲಿ ಮಲೆನಾಡಿಗೆ ಇನ್ನೊಂದು ತೊಡಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿವರೆಗೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಅನ್ನುತ್ತದೆ. ಆದರೆ ಆ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ. ಬಯಲುಸೀಮೆಯ ದೊಡ್ಡ ಊರಿಗೆ ಇದು ಸರಿಹೋಗಬಹುದು. ಮಲೆನಾಡಿನಲ್ಲಿ ಮನೆಗಳೇ ಚದುರಿಕೊಂಡಿವೆ. ಗುಡ್ಡಕ್ಕೊಂದು ಮನೆ, ಹಳ್ಳದಾಚೆ ಇನ್ನೊಂದು. ಇಲ್ಲಿನ ಶಾಲೆಗಳು ಚಿಕ್ಕವು, ಮಕ್ಕಳು ಕಡಿಮೆ. ನೂರರ ಗೆರೆ ದಾಟದ ಶಾಲೆಗೆ ಚಿತ್ರ ಹೇಳಿಕೊಡುವವರು ಬೇಕು ಎಂದು ಕಾನೂನು ಒತ್ತಾಯಿಸುವುದಿಲ್ಲ. ಯಾರೂ ಬೇಕಂತ ಅನ್ಯಾಯ ಮಾಡಿದ್ದಲ್ಲ, ನಿಯಮ ಬರೆದವರ ಕಣ್ಣ ಮುಂದೆ ಇಂಥ ಊರುಗಳು ಇರಲಿಲ್ಲ ಅಷ್ಟೇ. ಪರಿಣಾಮ ಮಾತ್ರ ಮಕ್ಕಳ ಮೇಲೆ.

ಈಗ ಒಂದಕ್ಕೊಂದು ಜೋಡಿಸಿ ನೋಡಿ. ಶಾಲೆಯಲ್ಲಿ ಮೇಷ್ಟ್ರಿಲ್ಲದ ಕಾರಣ ಮಕ್ಕಳಿಗೆ ಚಿತ್ರದ ಅಭ್ಯಾಸವಿಲ್ಲ. ಅಭ್ಯಾಸ ಇಲ್ಲದವರು ಬಿವಿಎಗೆ ಅರ್ಜಿ ಹಾಕುವುದೇ ಕಡಿಮೆ, ಹಾಕಿದರೂ ಪ್ರವೇಶದ ಡ್ರಾಯಿಂಗ್ ಪರೀಕ್ಷೆಯಲ್ಲಿ, ಪೋರ್ಟ್‌ಫೋಲಿಯೊದಲ್ಲಿ (ತಾವು ಬಿಡಿಸಿದ ಚಿತ್ರಗಳ ಕಡತ) ನಗರದ ಮಕ್ಕಳಿಗಿಂತ ಹಿಂದೆ. ಅರ್ಜಿ ಕಡಿಮೆಯಾದ ಕೋರ್ಸಿಗೆ ಕಾಯಂ ಅಧ್ಯಾಪಕರನ್ನು ಕೊಡಲು ಸರ್ಕಾರ ಹಿಂದೆಮುಂದೆ ನೋಡುತ್ತದೆ, ಅತಿಥಿ ಉಪನ್ಯಾಸಕರಲ್ಲೇ ತಳ್ಳುತ್ತದೆ. ಪಾಠ ಸೊರಗುತ್ತದೆ. ಇನ್ನೊಂದು ಕಡೆ ಓದು ಮುಗಿಸಿದವರು ಹೋಗಬೇಕಿದ್ದ ಹುದ್ದೆ ಅದೇ ಖಾಲಿ ಕುರ್ಚಿ. ಅದು ತುಂಬದ ಕಾರಣ ಅವರಿಗೆ ಕೆಲಸ ಇಲ್ಲ. ಅವರ ಕಥೆ ಕೇಳಿದ ಮನೆಯವರು ಮುಂದಿನ ಮಗುವಿಗೆ ಬೇಡ ಅನ್ನುತ್ತಾರೆ. ಈ ಕೋರ್ಸಿಗೆ ಒಳಗೆ ಬರುವ ಬಾಗಿಲೂ ಹೊರಗೆ ಹೋಗುವ ಬಾಗಿಲೂ ಹೈಸ್ಕೂಲಿನ ಆ ಒಂದೇ ಹುದ್ದೆ. ಅದನ್ನು ಮುಚ್ಚಿಟ್ಟು, ಕೋರ್ಸಿಗೆ ಬೇಡಿಕೆ ಇಲ್ಲ ಅನ್ನುವುದು ನ್ಯಾಯವಲ್ಲ.

ಬಾಗಿಲು ತೆರೆದರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ನೀನಾಸಂ 1949ರಲ್ಲಿ ಹುಟ್ಟಿತು, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಹಳ್ಳಿಯಲ್ಲಿ ಕೂತು ನಾಟಕ ಕಲಿತು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಎಂಬ ಪ್ರಶ್ನೆ ಆಗಲೂ ಇತ್ತು. ಮುಂದೆ ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರ ನೇಮಕವಾದಾಗ ರಂಗಶಿಕ್ಷಣ ಪಡೆದವರಿಗೆ ಊರಿನಲ್ಲೇ ಕೆಲಸ ಸಿಕ್ಕಿತು, ಶಾಲೆಗಳಲ್ಲಿ ನಾಟಕ ಬೆಳೆಯಿತು. ನೇಮಕ ಆದದ್ದು ಕೆಲವರದ್ದೇ ಇರಬಹುದು, ಆದರೆ ದಾರಿ ಕಾಣಿಸಿತು.

ಹಸೆ ಚಿತ್ತಾರಕ್ಕೆ ಡಿಗ್ರಿ ಬೇಕಾ?

ಇನ್ನೊಂದು ವಾದವೂ ಇದೆ, ಇದು ಮಲೆನಾಡಿನದ್ದೇ. ಇಲ್ಲಿ ಕಲೆ ಕಲಿಯಲು ಯಾರೂ ಕಾಲೇಜಿಗೆ ಹೋಗಿಲ್ಲವಲ್ಲ? ಸಾಗರ, ಸೊರಬದ ಗುಡಿಗಾರರು ಶ್ರೀಗಂಧ ಕೆತ್ತುವುದನ್ನು, ಬೆಂಡಿನ ಬಾಸಿಂಗ ಮಾಡುವುದನ್ನು ಮನೆಯಲ್ಲೇ ಕಲಿತರು. ದೀವರ ಸಮುದಾಯದ ಹೆಂಗಸರು ಮನೆಗೋಡೆಯ ಮೇಲೆ ಬಿಡಿಸುವ ಹಸೆ ಚಿತ್ತಾರವನ್ನು ಅಮ್ಮ, ಅಜ್ಜಿಯರಿಂದ ಕಲಿತರು.

ಚಿತ್ತಾರ ಬಿಡಿಸುವುದನ್ನು ಹತ್ತಿರದಿಂದ ನೋಡಿದರೆ ಅದು ಎಂಥ ಗಟ್ಟಿ ಓದು ಅನ್ನುವುದು ತಿಳಿಯುತ್ತದೆ. ಗೋಡೆಗೆ ಕೆಮ್ಮಣ್ಣು ಬಳಿದು ಒಣಗಿಸಬೇಕು. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಯಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಬ್ರಷ್ಷು ಪುಂಡಿ ನಾರಿನದ್ದು. ಅದರ ತುದಿಯಲ್ಲಿ ಅಕ್ಕಿಯ ಹಿಟ್ಟು ಹದವಾಗಿ ನಿಲ್ಲಬೇಕು, ಜಾಸ್ತಿಯಾದರೆ ಗೆರೆ ಇಳಿಯುತ್ತದೆ, ಕಡಿಮೆಯಾದರೆ ನಡುವೆ ಕಡಿಯುತ್ತದೆ. ಒಂದರ ಪಕ್ಕ ಒಂದು ಸಮಾನ ದೂರದಲ್ಲಿ ಎಳೆಗಳನ್ನು ಎಳೆದು, ಅಡ್ಡ ಎಳೆಗಳಿಂದ ಹೆಣೆದು, ಮದುಮಕ್ಕಳು ಕೂರುವ ಜಾಗದ ಹಿಂದೆ ಇಡೀ ಗೋಡೆಯನ್ನು ತುಂಬುತ್ತಾರೆ. ಭೂಮಿ ಹುಣ್ಣಿಮೆ ಹಬ್ಬಕ್ಕೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಕೈಕೆಲಸ. ಅಳತೆ, ಲಯ, ಖಾಲಿ ಜಾಗದ ಅಂದಾಜು ಹೀಗೆ ಫೌಂಡೇಶನ್ ವರ್ಷದಲ್ಲಿ ಹೇಳಿಕೊಡುವ ಎಷ್ಟೋ ವಿಷಯ ಆ ಕೈಯಲ್ಲಿ ಆಗಲೇ ಇದೆ.

ಹಾಗಾದರೆ ಡಿಗ್ರಿ ಬೇಡವೇ? ಮನೆಯಲ್ಲಿ ಕಲಿಯುವ ದಾರಿ ನಡೆಯುತ್ತಿದ್ದದ್ದು ಮಣ್ಣಿನ ಗೋಡೆ ಇದ್ದಾಗ, ಮಕ್ಕಳು ಮನೆಯಲ್ಲಿ ಇರುತ್ತಿದ್ದಾಗ. ಈಗ ಗೋಡೆಗೆ ಸಿಮೆಂಟು, ಮಕ್ಕಳು ಹಾಸ್ಟೆಲ್‌ನಲ್ಲಿ. ಶ್ರೀಗಂಧವೂ ಮೊದಲಿನಂತೆ ಸಿಗುವುದಿಲ್ಲ. ಚಿತ್ತಾರ ಕಾಗದ, ಬಟ್ಟೆಗೆ ಇಳಿದು ಮಾರಾಟಕ್ಕೆ ಬಂದಿದೆ. ಹಾಗೆ ಬಂದಾಗ ಬೆಲೆ ಕಟ್ಟುವುದು, ದಾಖಲಿಸುವುದು, ಬೇರೆಯವರು ನಕಲು ಮಾಡಿದರೆ ಕೇಳುವುದು, ಇದಕ್ಕೆಲ್ಲ ಓದಿದವರು ಬೇಕು. ಹೊರಗಿನಿಂದ ಬಂದು ಬರೆದುಕೊಂಡು ಹೋಗುವವರಿಗಿಂತ ಆ ಮನೆಯ ಮಗಳೇ ಕಲಾ ಇತಿಹಾಸ ಓದಿ ಬರೆದರೆ ಅದರ ತೂಕವೇ ಬೇರೆ.

ಕಾಲೇಜೂ ಇವರ ಕಡೆ ಬರಬಹುದು. ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಕ್ಯಾಂಪಸ್ಸಿಗೆ ಕರೆತಂದು ವಿದ್ಯಾರ್ಥಿಗಳ ಜೊತೆ ಕೆಲಸ ಮಾಡಿಸಲು ಯುಜಿಸಿ 2023ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಬಳಸಿಕೊಂಡು ಚಿತ್ತಾರದ ಒಬ್ಬ ಹಿರಿಯಮ್ಮನನ್ನು ಒಂದು ಸೆಮಿಸ್ಟರ್ ಗೌರವದಿಂದ, ಸಂಭಾವನೆ ಕೊಟ್ಟು ಕರೆಯಲು ಯಾವ ಹೊಸ ಕಾನೂನೂ ಬೇಕಿಲ್ಲ.

ಎಐ ಚಿತ್ರಗಳ ಭಯ

2022ರಿಂದ ಮಿಡ್‌ಜರ್ನಿ, ಡಾಲ್-ಇ ಥರದ ತಂತ್ರಾಂಶಗಳು ಎಲ್ಲರ ಕೈಗೆ ಬಂದವು. 2025ರ ಮಾರ್ಚ್‌ನಲ್ಲಿ ಚಾಟ್‌ಜಿಪಿಟಿಯಲ್ಲಿ ಜಪಾನಿನ ಅನಿಮೇಶನ್ ಶೈಲಿಗೆ ತಮ್ಮ ಫೋಟೊ ಬದಲಿಸಿಕೊಳ್ಳದವರೇ ಕಡಿಮೆ. ಇನ್ನು ಚಿತ್ರಕಾರರ ಕೆಲಸ ಮುಗಿಯಿತು ಎಂಬ ಮಾತು ಜೋರಾಯಿತು.

ಕೆಲವು ಕೆಲಸ ಹೋಗುವುದು ನಿಜ. ಕಡಿಮೆ ದುಡ್ಡಿನ ಪೋಸ್ಟರ್, ಮುಖಪುಟ, ಜಾಹೀರಾತಿನ ಚಿತ್ರಗಳಿಗೆ ಮೊದಲ ಪೆಟ್ಟು. ಹೊಸದಾಗಿ ಡಿಗ್ರಿ ಮುಗಿಸಿದವರು ಕೈ ಪಳಗಿಸಿಕೊಳ್ಳುತ್ತಿದ್ದದ್ದು ಇಂಥ ಕೆಲಸಗಳಲ್ಲೇ, ಹಾಗಾಗಿ ಇದು ಸಣ್ಣ ವಿಷಯವಲ್ಲ. ಫ್ಲೆಕ್ಸ್ ಬಂದಾಗ ಅಂಗಡಿ ಬೋರ್ಡ್ ಬರೆಯುವವರಿಗೆ ಆದದ್ದೂ ಇದೇ. ಆದರೆ ಯಂತ್ರ ಕೊಟ್ಟ ಹತ್ತು ಚಿತ್ರಗಳಲ್ಲಿ ಯಾವುದು ಸರಿ, ಯಾವುದರಲ್ಲಿ ಬೆಳಕು ತಪ್ಪಿದೆ, ಯಾವುದು ಯಾರದೋ ಶೈಲಿಯ ನಕಲು ಅಂತ ಹೇಳಲು ಪಳಗಿದ ಕಣ್ಣು ಬೇಕು. ಆ ಕಣ್ಣು ತಯಾರಾಗುವುದು ಮಡಕೆಯ ನೆರಳು ನೋಡುತ್ತಾ ಕಳೆದ ದಿನಗಳಲ್ಲಿ. ಮಲೆನಾಡಿನ ಮಳೆ, ಮನೆ, ಮುಖಗಳನ್ನು ಆ ತಂತ್ರಾಂಶಗಳು ಹೆಚ್ಚು ಕಂಡಿಲ್ಲ. "ಮಲೆನಾಡಿನ ಹೆಂಚಿನ ಮನೆ" ಎಂದು ಕೇಳಿದರೆ ಅಂಗಳವಿಲ್ಲದ, ಅಡಿಕೆ ಚಪ್ಪರವಿಲ್ಲದ ಮನೆ ಬಂದುಬಿಡುವ ಸಾಧ್ಯತೆ ಜಾಸ್ತಿ. ತಪ್ಪು ಗುರುತಿಸಬೇಕಾದವರು ಇಲ್ಲಿನವರೇ.

ಮುಂದೆ ನೋಡಬೇಕಾದ್ದು

ಸದ್ಯಕ್ಕೆ ಗಮನ ಇಡಬೇಕಾದದ್ದು ಪ್ರೌಢಶಾಲಾ ಶಿಕ್ಷಕರ ಮುಂದಿನ ನೇಮಕಾತಿ ಪ್ರಕಟಣೆಯ ಮೇಲೆ. ಅದರಲ್ಲಿ ಚಿತ್ರಕಲೆಯ ಹುದ್ದೆಗಳಿದ್ದರೆ, ಬಿವಿಎ ಪದವಿಯನ್ನು ಅರ್ಹತೆಯಾಗಿ ಸ್ಪಷ್ಟವಾಗಿ ಬರೆದಿದ್ದರೆ, ಕೆಲವೇ ವರ್ಷಗಳಲ್ಲಿ ಕಾಲೇಜುಗಳ ಅರ್ಜಿಗಳಲ್ಲಿ ವ್ಯತ್ಯಾಸ ಕಾಣಬೇಕು. ಇಲ್ಲದಿದ್ದರೆ ದೃಶ್ಯಕಲೆ ಬೆಂಗಳೂರು, ಮೈಸೂರಿನ ಅನುಕೂಲಸ್ಥರ ಓದಾಗಿ ಉಳಿಯುತ್ತದೆ. ಚಿಕ್ಕ ಶಾಲೆಗಳ ಸಮಸ್ಯೆಗೂ ದಾರಿ ಇದೆ. ಒಂದೊಂದು ಶಾಲೆಗೆ ಒಬ್ಬರನ್ನು ಕೊಡಲಾಗದಿದ್ದರೆ, ಕ್ಲಸ್ಟರಿಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿಗೆ, ಒಬ್ಬ ಚಿತ್ರಕಲಾ ಶಿಕ್ಷಕರನ್ನು ಕೊಟ್ಟು ವಾರದಲ್ಲಿ ಒಂದೊಂದು ದಿನ ಒಂದೊಂದು ಶಾಲೆಗೆ ಕಳಿಸಬಹುದು.

ಈ ವರ್ಷವೇ ಸೇರಬೇಕು ಅನ್ನುವವರು ಅಲ್ಲಿವರೆಗೆ ಕಾಯುವಂತಿಲ್ಲ. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಹೆಚ್ಚಿನ ಕಾಲೇಜುಗಳು ಅರ್ಜಿ ತೆಗೆದುಕೊಳ್ಳುತ್ತವೆ. ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ. ಪ್ರಾಸ್ಪೆಕ್ಟಸ್‌ನಲ್ಲಿ ಕೋರ್ಸಿನ ಅವಧಿ, ಅದು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಅನ್ನುವುದನ್ನು ಓದಿ. ಕಾಯಂ ಅಧ್ಯಾಪಕರು ಎಷ್ಟು ಜನ, ಸ್ಟುಡಿಯೊ ಸಂಜೆ ತೆರೆದಿರುತ್ತದೆಯೇ, ಮುದ್ರಣದ ಪ್ರೆಸ್ಸು, ಮಣ್ಣು ಸುಡುವ ಕುಲುಮೆ ಕೆಲಸ ಮಾಡುತ್ತಿವೆಯೇ ಎಂದು ಅಲ್ಲಿನ ಸೀನಿಯರ್‌ಗಳನ್ನೇ ಕೇಳಿ. ಪೋರ್ಟ್‌ಫೋಲಿಯೊಗೆ ಇಂಟರ್‌ನೆಟ್ಟಿನ ಚಿತ್ರ ನೋಡಿ ಬಿಡಿಸಿದ ನಟರ ಮುಖಗಳು ಬೇಡ. ನಿಮ್ಮ ಅಡುಗೆಮನೆ, ಕೊಟ್ಟಿಗೆ, ಅಡಿಕೆ ಸುಲಿಯುತ್ತಾ ಕೂತ ಹೆಂಗಸರು, ಬಸ್ ಕಾಯುವವರು, ಹೀಗೆ ಎದುರಿಗೆ ಕಂಡು ಬಿಡಿಸಿದ ಸ್ಕೆಚ್‌ಗಳನ್ನು ಇಟ್ಟುಕೊಂಡು ಹೋಗಿ. ಗೆರೆ ಸೊಟ್ಟಗಿದ್ದರೂ ಪರವಾಗಿಲ್ಲ. ಆಯ್ಕೆ ಮಾಡುವವರು ಮೊದಲು ನೋಡುವುದು ನೀವು ನೋಡಿದ್ದೀರಾ ಅನ್ನುವುದನ್ನೇ.